ಹತ್ತು ವಾರದ ಕೂಸನ್ನು ಬಿಟ್ಟು ಏಳು ಗಂಟೆ: ಎಷ್ಟು ಹಾಲು ತೆಗೆದಿಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹತ್ತು ವಾರ. ಹುಟ್ಟಿದಂದಿನಿಂದ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ. ಬಾಟಲಿಯನ್ನಂತೂ ಅವಳು ಕಂಡೇ ಇಲ್ಲ. ಇನ್ನು 18 ದಿನಕ್ಕೆ ನನ್ನ ಬಾಲ್ಯದ ಗೆಳತಿಯ ಮದುವೆಯಿದ್ದು, ಹೋಗಿಬರುವ ದಾರಿಯೂ ಸೇರಿ ಸುಮಾರು ಏಳು ಗಂಟೆ ನಾನು ಮನೆಯಲ್ಲಿರುವುದಿಲ್ಲ. ಅಷ್ಟು ಜನರ ಗದ್ದಲದ ನಡುವೆ ಮಗುವನ್ನು ಕರೆದೊಯ್ಯುವುದು ಬೇಡವೆಂದು ನಾನೂ ನನ್ನ ಪತಿಯೂ ತೀರ್ಮಾನಿಸಿದ್ದೇವೆ. ಅವರು ಮತ್ತು ಅತ್ತೆಯವರು ಮಗುವನ್ನು ನೋಡಿಕೊಳ್ಳುತ್ತಾರೆ.

ನಿನ್ನೆ ಮೊದಲ ಬಾರಿಗೆ, ಮಗುವಿಗೆ ಕುಡಿಸಿ ಮಲಗಿಸಿದ ಮೇಲೆ, ಪಂಪ್ ಹಿಡಿದುಕೊಂಡು ಇಪ್ಪತ್ತು ನಿಮಿಷ ಕುಳಿತೆ. ಬಂದದ್ದು 20 ಮಿಲಿ. ಬಾಟಲಿಯ ತಳ ಮುಚ್ಚುವಷ್ಟು. “ಇಷ್ಟೇ ಬರುವುದಾದರೆ ಮಗುವಿನ ಹೊಟ್ಟೆ ಹೇಗಮ್ಮಾ ತುಂಬುತ್ತದೆ?” ಎಂದು ಅತ್ತೆಯವರು ಸಹಜವಾಗಿಯೇ ಕೇಳಿದರು, ಆದರೆ ರಾತ್ರಿಯೆಲ್ಲ ನನಗೆ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಏಳು ಗಂಟೆಗೆ ಎಷ್ಟು ಹಾಲು ಬೇಕು, ಯಾವಾಗಿನಿಂದ ತೆಗೆದಿಡಬೇಕು, ಮದುವೆಯಲ್ಲಿರುವಾಗ ಎದೆ ಕಟ್ಟಿಕೊಂಡರೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಎರಡು ಮಕ್ಕಳ ತಾಯಿ)

ಮೊದಲು ಆ 20 ಮಿಲಿಯ ಭಯವನ್ನು ಬಿಡಿ. ಮಗು ಕುಡಿದು ಮುಗಿಸಿದ ಮೇಲೆ ನೀವು ಪಂಪ್ ಮಾಡಿದ್ದೀರಿ. ಅಂದರೆ ಅದು ಮಗು ಉಳಿಸಿದ ಹಾಲು, ನಿಮ್ಮಲ್ಲಿರುವ ಅಷ್ಟೂ ಹಾಲಲ್ಲ. ಮಗುವಿನ ಬಾಯಿಗೆ ಇಳಿಯುವಷ್ಟು ಸಲೀಸಾಗಿ ಹಾಲು ಯಂತ್ರಕ್ಕೆ ಇಳಿಯುವುದಿಲ್ಲ, ಅದರಲ್ಲಿಯೂ ಮೊದಲ ಕೆಲವು ದಿನ. ಹಾಲು ಸಾಲುತ್ತಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ಪಂಪಿನ ಬಾಟಲಿಯಲ್ಲ. ಮಗುವಿನ ತೂಕ ಏರುತ್ತಿದೆಯೇ, ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದೆಯೇ ಎಂಬುದು.

ಲೆಕ್ಕ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲು ಕುಡಿಯುವ ಮಗು ದಿನವೊಂದಕ್ಕೆ ಸರಾಸರಿ 750 ಮಿಲಿಯ ಆಸುಪಾಸು ಕುಡಿಯುತ್ತದೆ. ಗಂಟೆಗೆ ಸುಮಾರು 30 ಮಿಲಿ ಎಂದು ಹಿಡಿದರೆ ಏಳು ಗಂಟೆಗೆ 210 ಮಿಲಿ ಆಯಿತು. ದಾರಿಯಲ್ಲಿ ತಡವಾಗಬಹುದೆಂದು ಇನ್ನೊಂದು 60 ಮಿಲಿ ಸೇರಿಸಿ, 270 ಮಿಲಿ ಇಟ್ಟುಕೊಳ್ಳಿ. ದಿನಕ್ಕೆ 20 ಮಿಲಿ ಬಂದರೂ ಎರಡು ವಾರದಲ್ಲಿ ಅಷ್ಟಾಗುತ್ತದೆ.

ಹೆಚ್ಚಿನ ತಾಯಂದಿರಿಗೆ ಹಾಲು ತುಂಬಿರುವುದು ಬೆಳಗಿನ ಹೊತ್ತಿನಲ್ಲಿ. ಮಗು ಮೊದಲ ಬಾರಿ ಕುಡಿದ ಅರ್ಧ, ಮುಕ್ಕಾಲು ಗಂಟೆಯ ನಂತರ ಪಂಪ್ ಮಾಡಿ. ಇಲ್ಲವೇ ಮಗು ಒಂದು ಕಡೆ ಕುಡಿಯುತ್ತಿರುವಾಗಲೇ ಇನ್ನೊಂದು ಕಡೆಗೆ ಪಂಪ್ ಹಿಡಿಯಿರಿ. ಎರಡನೆಯದೇ ನನಗೆ ಹೆಚ್ಚು ಫಲ ಕೊಟ್ಟದ್ದು, ಏಕೆಂದರೆ ಮಗು ಚೀಪುತ್ತಿದ್ದಂತೆ ಎರಡೂ ಎದೆ ಒಟ್ಟಿಗೇ ಜುಮ್ಮೆಂದು ಹಾಲು ಇಳಿಯುತ್ತದೆ. ಬಾಟಲಿಯ ಗೆರೆಗಳನ್ನೇ ದಿಟ್ಟಿಸುತ್ತ ಕುಳಿತರೆ ಮಾತ್ರ ಏನೂ ಇಳಿಯುವುದಿಲ್ಲ. ನಾನು ಬಾಟಲಿಗೆ ಮಗುವಿನ ಕಾಲುಚೀಲವೊಂದನ್ನು ತೊಡಿಸಿಬಿಡುತ್ತಿದ್ದೆ. ಪಂಪಿನ ಆಲಿಕೆಯ ಅಳತೆ ಸರಿಯಿದೆಯೇ ಎಂದೂ ನೋಡಿಕೊಳ್ಳಿ. ಹಾಲು ತೆಗೆಯುವಾಗ ನೋಯಬಾರದು. ನೋಯುತ್ತಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಎಳೆತ ಹೆಚ್ಚಾಗಿದೆ.

ಕೈಯಿಂದ ಹಿಂಡುವುದನ್ನೂ ಕಲಿತಿರಿ. ಹೆಬ್ಬೆರಳನ್ನು ತೊಟ್ಟಿನಿಂದ ಎರಡು, ಮೂರು ಸೆಂಟಿಮೀಟರ್ ಹಿಂದಕ್ಕೆ ಮೇಲ್ಭಾಗದಲ್ಲಿಯೂ ಉಳಿದ ಬೆರಳುಗಳನ್ನು ಅದಕ್ಕೆದುರಾಗಿ ಕೆಳಗೂ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು, ಸಡಿಲ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು. ಮೊದಲು ಹನಿ, ಆಮೇಲೆ ಎಳೆ ಎಳೆಯಾಗಿ ಬರುತ್ತದೆ. ಮದುವೆಯಲ್ಲಿ ಪಂಪ್ ಕೈಕೊಟ್ಟರೆ ನಿಮ್ಮನ್ನು ಕಾಯುವುದು ಇದೇ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಶೇಖರಣೆಯ ವಿಷಯವನ್ನಷ್ಟೇ ಸೇರಿಸುತ್ತೇನೆ. ಆಗತಾನೇ ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಫ್ರೀಜರಿನಲ್ಲಿ ಆರು ತಿಂಗಳೊಳಗೆ ಬಳಸುವುದು ಉತ್ತಮ. ಫ್ರಿಜ್ಜಿನ ಬಾಗಿಲಿನ ಗೂಡಿನಲ್ಲಿ ಮಾತ್ರ ಇಡಬೇಡಿ. ತೆರೆದಾಗಲೆಲ್ಲ ಬಿಸಿಗಾಳಿ ಬಡಿಯುವುದು ಅಲ್ಲಿಗೇ. ಒಳಗೆ, ಹಿಂಭಾಗಕ್ಕೆ ಇಡಿ. ಹೊಸ ಹಾಲನ್ನು ಹಳೆಯದಕ್ಕೆ ಸೇರಿಸುವುದಾದರೆ ಅದೂ ತಣ್ಣಗಾದ ಮೇಲೆಯೇ ಸೇರಿಸಿ, ಡಬ್ಬಿಯ ಮೇಲೆ ಮೊದಲು ತೆಗೆದ ಹಾಲಿನ ದಿನಾಂಕವನ್ನೇ ಬರೆಯಿರಿ. 60 ಮಿಲಿಯ ಸಣ್ಣ ಪಾಲುಗಳಾಗಿಯೇ ಇರಲಿ, ಏಕೆಂದರೆ ಮಗು ಬಾಯಿಟ್ಟು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು; 150 ಮಿಲಿಯಲ್ಲಿ ನೂರು ಮಿಲಿ ಚೆಲ್ಲುವಾಗ ಆಗುವ ಸಂಕಟ ಹಿಂಡಿದವರಿಗೇ ಗೊತ್ತು.

ನನ್ನನ್ನು ಕೇಳಿದರೆ, ಮದುವೆಯ ಹಿಂದಿನ ಮೂರು ದಿನಗಳ ಹಾಲನ್ನು ಹೆಪ್ಪುಗಟ್ಟಿಸದೆ ಫ್ರಿಜ್ಜಿನಲ್ಲಿಯೇ ಇಟ್ಟು ಅಂದು ಅದನ್ನೇ ಮೊದಲು ಕೊಡಿಸಿ, ಫ್ರೀಜರಿನದ್ದು ಬೆಂಬಲಕ್ಕಿರಲಿ. ಹೆಪ್ಪುಗಟ್ಟಿದ ಹಾಲನ್ನು ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿದರೆ ತಾನಾಗಿ ಕರಗುತ್ತದೆ. ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಬಳಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಬೆಚ್ಚಗೆ ಮಾಡಲು ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಮೈಕ್ರೋವೇವ್ ಬೇಡವೇ ಬೇಡ. ಅಲ್ಲಲ್ಲಿ ಕುದಿಬಿಸಿಯಾಗಿ ಮಗುವಿನ ಬಾಯಿ ಸುಡುತ್ತದೆ. ಮೇಲೆ ಕೆನೆಯ ಪದರ, ಕೆಳಗೆ ನೀಲಿಛಾಯೆಯ ತಿಳಿ ಹಾಲು ಬೇರ್ಪಟ್ಟಿದ್ದರೆ ಕೆಟ್ಟಿದೆಯೆಂದು ಅತ್ತೆಯವರು ಗಾಬರಿಯಾಗದಂತೆ ಮೊದಲೇ ತಿಳಿಸಿರಿ. ಮೆಲ್ಲಗೆ ಸುತ್ತಾಡಿಸಿದರೆ ಬೆರೆಯುತ್ತದೆ. ಇದೆಲ್ಲ ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನ ಮಾತು. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳಿ.

ಉತ್ತರ 3 (ಮನೆಯಲ್ಲಿ ಉಳಿದ ತಂದೆ)

ಹಾಲಿದ್ದರೆ ಸಾಲದು, ಅದನ್ನು ಮಗು ಬೇರೆಯವರ ಕೈಯಿಂದ ಕುಡಿಯಬೇಕು. ನಾವು ಎಡವಿದ್ದು ಇಲ್ಲಿಯೇ. ಫ್ರಿಜ್ಜಿನಲ್ಲಿ ಬೇಕಾದಷ್ಟು ಹಾಲಿತ್ತು. ಆದರೆ ಮಗ ಬಾಟಲಿಯನ್ನು ಮೊದಲು ಕಂಡದ್ದು ನನ್ನ ಪತ್ನಿ ಮನೆಯಿಂದ ಹೊರಟ ದಿನವೇ. ನಿಪ್ಪಲನ್ನು ನಾಲಿಗೆಯಿಂದ ತಳ್ಳಿ ತಳ್ಳಿ, ಕೊರಳೆಲ್ಲ ಹಾಲಾಗಿ, ಕೊನೆಗೆ ಒಂದು ಗಂಟೆಯ ಅಳುವಿನ ನಂತರ ಚಮಚದಲ್ಲಿ 40 ಮಿಲಿ ಕುಡಿದ.

ನಿಮಗೆ 18 ದಿನಗಳಿವೆ. ನಾಳೆಯಿಂದಲೇ ಎರಡು ದಿನಕ್ಕೊಮ್ಮೆ, ಮಗು ತೀರ ಹಸಿದು ಕೂಗುವುದಕ್ಕೆ ಮುಂಚೆ, ನಿಮ್ಮ ಪತಿಯವರು 30 ಮಿಲಿ ಕೊಟ್ಟು ನೋಡಲಿ. ಆಗ ನೀವು ಕೋಣೆಯಿಂದ ಆಚೆಗಿರಿ, ಏಕೆಂದರೆ ತಾಯಿಯ ವಾಸನೆ ಹತ್ತಿರವಿದ್ದರೆ ಎಷ್ಟೋ ಮಕ್ಕಳು ಬಾಟಲಿ ಮುಟ್ಟುವುದಿಲ್ಲ. ನಿಪ್ಪಲಿನ ತೂತು ಸಣ್ಣದಿರಲಿ. ಮಗುವನ್ನು ಅಂಗಾತ ಮಲಗಿಸದೆ ಎತ್ತರಿಸಿ ಹಿಡಿದು, ಬಾಟಲಿಯನ್ನು ಅಡ್ಡವಾಗಿಟ್ಟು, ನಡುನಡುವೆ ತಡೆದು ಕುಡಿಸಬೇಕು. ಇಲ್ಲದಿದ್ದರೆ ಗಟಗಟನೆ ಇಳಿದು, ಹಾಲು ಸಾಲಲಿಲ್ಲವೆಂದು ಮನೆಯವರಿಗೆ ಅನ್ನಿಸುತ್ತದೆ. ಬಾಟಲಿ ಒಗ್ಗದಿದ್ದರೆ ಒಳಲೆ, ಸಣ್ಣ ಲೋಟ ಅಥವಾ ಚಮಚ ಇವೆ. ಆ ದಿನ ಮಗು ಸ್ವಲ್ಪವೇ ಕುಡಿದರೂ ನೀವು ಬಂದ ಮೇಲೆ ರಾತ್ರಿಯೆಲ್ಲ ಎದೆಗಂಟಿಕೊಂಡು ಸರಿತೂಗಿಸಿಕೊಳ್ಳುತ್ತದೆ.

ಉತ್ತರ 4

ಎದೆ ಕಟ್ಟಿಕೊಳ್ಳುವ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರಿಸಿಲ್ಲ. ಹೊರಡುವ ಮುನ್ನ ಮಗುವಿಗೆ ಎರಡೂ ಕಡೆ ಕುಡಿಸಿ. ಆಮೇಲೆ ಮೂರು ಗಂಟೆಗೊಮ್ಮೆಯಾದರೂ ತೆಗೆಯಬೇಕು; ಮುಂದಿನಿಂದ ತೆರೆಯುವ ಉಡುಪು, ಹೀರುವ ಪ್ಯಾಡ್‌ಗಳ ಎರಡು ಜೊತೆ, ಐಸ್ ಪ್ಯಾಕಿರುವ ಚೀಲ ಜೊತೆಗಿರಲಿ, ಚಿಲಕವಿರುವ ಕೋಣೆಯೊಂದನ್ನು ಗೆಳತಿಯ ಮನೆಯವರಿಗೆ ಮೊದಲೇ ಹೇಳಿ ಗೊತ್ತುಮಾಡಿಕೊಳ್ಳಿ. “ಇನ್ನೊಂದು ಗಂಟೆ ತಡೆಯುತ್ತೇನೆ” ಎಂದು ನಾನು ತಡೆದದ್ದಕ್ಕೆ ಮರುದಿನ ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂತು. ಹಾಗಾದರೆ ಹಾಲು ಕುಡಿಸುವುದನ್ನು ನಿಲ್ಲಿಸದೆ ವೈದ್ಯರಲ್ಲಿಗೆ ಹೋಗಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಮಗು ಎಡಗಡೆ ಕುಡಿಯುತ್ತಿರುವಾಗ ಬಲಗಡೆಗೆ ಪಂಪ್ ಹಿಡಿದೆ, ಬಾಟಲಿಗೆ ಕಾಲುಚೀಲ ತೊಡಿಸಿ. ತೆಗೆದು ನೋಡಿದರೆ 55 ಮಿಲಿ. ಅತ್ತೆಯವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ತಾವೇ ಫ್ರಿಜ್ಜಿನ ಹಿಂಭಾಗದಲ್ಲಿ ಜಾಗ ಮಾಡಿದರು. ಸಂಜೆ ನನ್ನ ಪತಿ 30 ಮಿಲಿ ಕೊಡಲು ಪ್ರಯತ್ನಿಸಿದರು. ಮಗಳು ಹತ್ತು ಮಿಲಿ ಕುಡಿದು, ಉಳಿದದ್ದನ್ನು ಅವರ ಅಂಗಿಗೆ ಕುಡಿಸಿದಳು. ನಾಡಿದ್ದು ಒಳಲೆಯಲ್ಲಿ ನೋಡುತ್ತೇವೆ.