ತಾತನ ಡಿಸ್ಚಾರ್ಜ್ ಬುಕ್ ಮತ್ತು ನಮ್ಮ ಮನೆ ಗುಂಪಿನ ಜಗಳ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಶುಭೋದಯದ ಹೂವು, ಕಬ್ಬಿನ ಬಾಕಿ, ಕೆಆರ್‌ಎಸ್ ನೀರಿನ ಮಟ್ಟ. ಭಾನುವಾರ ತಾತನ ಟ್ರಂಕಿನಲ್ಲಿ ಸಿಕ್ಕ ಎರಡು ಫೋಟೋ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಮೂವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಮನೆಯಲ್ಲಿ ಮಾಜಿ ಸೈನಿಕರು ಇರುವವರಿಗೆ ಉಪಯೋಗಕ್ಕೆ ಬಂದೀತು ಅಂತ ಹಾಕುತ್ತಿದ್ದೇನೆ. ಫೋನಿನಲ್ಲಿ ಯಾರ್ಯಾರ ನಂಬರ್ ಹೇಗೆ ಸೇವ್ ಆಗಿದೆಯೋ ಹಾಗೇ ಇಟ್ಟಿದ್ದೇನೆ. ಕೈಮುಗಿಯುವ ಎಮೋಜಿಗಳನ್ನು ಮಾತ್ರ ತೆಗೆದಿದ್ದೇನೆ. ಜಾಸ್ತಿ ಇದ್ದವು.

ನಾನು: ಇದು ತಾತನ ಡಿಸ್ಚಾರ್ಜ್ ಬುಕ್ಕಿನ, ಅಂದರೆ ಸೈನ್ಯದಿಂದ ಬಿಡುಗಡೆ ಆಗುವಾಗ ಕೊಡುವ ಪುಸ್ತಕದ, ಪದಕಗಳ ಪುಟ. 1964ರಲ್ಲಿ ಸೇರಿ 1979ರಲ್ಲಿ ವಾಪಸ್ ಬಂದವರು. ನೇರಳೆ ಶಾಯಿಯಲ್ಲಿ ಎರಡೇ ಸಾಲು ಬರೆದಿದೆ. 1971ರ ಯುದ್ಧದ ಸಂಗ್ರಾಮ್ ಮೆಡಲ್, ಆಮೇಲೆ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಇನ್ನೊಂದು ಫೋಟೋ 1975ರಲ್ಲಿ ರಜೆಗೆ ಬಂದಾಗ ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಎದೆ ಮೇಲಿನ ರಿಬ್ಬನ್ ಎಣಿಸಿ, ಪದಕಕ್ಕೆ ಒಂದರಂತೆ. ಐದಿವೆ. ಉಳಿದ ಮೂರು ಪುಸ್ತಕದಲ್ಲಿ ಯಾಕಿಲ್ಲ?

ಮಂಡ್ಯ ಚಿಕ್ಕಪ್ಪ: ಟ್ರಂಕಿನ ತಳದಲ್ಲಿ ನೋಡು. ಅಲ್ಲೇ ಬಿದ್ದಿರುತ್ತವೆ.

ನಾನು: ಪದಕ ಅಲ್ಲ ಚಿಕ್ಕಪ್ಪ, ಎಂಟ್ರಿ. ಬರೆದೇ ಇಲ್ಲ.

ಬೆಂಗಳೂರು ತಮ್ಮ: ತಾತನ ಫೋಟೋಗೆ ಆ್ಯಪ್‌ನಲ್ಲಿ ಬಣ್ಣ ಹಾಕಿಸಿದೆ. ಮೊದಲನೇ ರಿಬ್ಬನ್ ನೋಡಿ, ಅರ್ಧ ನೀಲಿ, ಅರ್ಧ ಕೇಸರಿ. ಹುಡುಕಿದೆ. ಅದು ವೀರ ಚಕ್ರದ್ದು!!!

ಮೈಸೂರು ಅತ್ತೆ: ಅಯ್ಯೋ ಶಿವನೇ! ಅಪ್ಪ ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ!

(ಹತ್ತು ನಿಮಿಷದಲ್ಲಿ ಅತ್ತೆ ಆ ಬಣ್ಣದ ಫೋಟೋವನ್ನು ಅವರ ಭಜನಾ ಮಂಡಳಿ ಗುಂಪಿಗೂ ಕಳಿಸಿಬಿಟ್ಟಿದ್ದರು. ಮಿಲಿಟರಿ ಭಾವ ಆಗ ಆನ್‌ಲೈನ್ ಬಂದರು. ಅವರು ಸೈನ್ಯದಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದವರು. ಕಾಗದದ ವಿಷಯ ಬಂದರೆ ಅವರಿಗೆ ಬೇರೆಯದೇ ಉತ್ಸಾಹ.)

ಮಿಲಿಟರಿ ಭಾವ: ಅತ್ತೆ, ದಯವಿಟ್ಟು ಅದನ್ನು ಡಿಲೀಟ್ ಮಾಡಿ. ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಎಲ್ಲಿಂದ ಬರುತ್ತದೆ? ಆ್ಯಪ್ ಅದಕ್ಕೆ ತೋಚಿದ್ದು ತುಂಬಿದೆ. ವೀರ ಚಕ್ರ ಬಂದಿದ್ದರೆ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬರುತ್ತಿತ್ತು. ಇಡೀ ತಾಲ್ಲೂಕಿಗೆ ಗೊತ್ತಾಗಿರುತ್ತಿತ್ತು. ಇವು ಶೌರ್ಯ ಪದಕಗಳಲ್ಲ, ಸೇವೆಯ ಪದಕಗಳು. ಯುದ್ಧ ನಡೆದಾಗ ಆ ಜಾಗದಲ್ಲಿ ಇದ್ದವರಿಗೆ, ಇಷ್ಟು ವರ್ಷ ಸೇವೆ ಮಾಡಿದವರಿಗೆ ಅಂತ ಕೊಡುವುದು.

ಮಿಲಿಟರಿ ಭಾವ: ತಾತನ ಲೆಕ್ಕ ಹಾಕಿ. 1965ರ ಆಗಸ್ಟ್ 5ಕ್ಕೆ 180 ದಿನ ಸೇವೆ ಆಗಿದ್ದವರಿಗೆ ರಕ್ಷಾ ಮೆಡಲ್. ಅವರು 64ರಲ್ಲೇ ಸೇರಿದ್ದಾರೆ. 71ರಲ್ಲಿ ಪಶ್ಚಿಮದ ಗಡಿಯಲ್ಲಿ ಯುದ್ಧಕ್ಕೆ ಇಳಿದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. 72ರ ಆಗಸ್ಟ್ 15ಕ್ಕೆ ಸೇವೆಯಲ್ಲಿ ಇದ್ದವರಿಗೆ 25ನೇ ವರ್ಷದ್ದು, ಅದು ಬರೆದಿದೆ. 9 ವರ್ಷ ಮುಗಿಸಿದವರಿಗೆ ಲಾಂಗ್ ಸರ್ವಿಸ್ ಮೆಡಲ್. ನನ್ನ ಅಂದಾಜಿನಲ್ಲಿ ಬಿಟ್ಟುಹೋಗಿರುವುದು ಈ ಮೂರೇ: ರಕ್ಷಾ, ಪಶ್ಚಿಮಿ, 9 ವರ್ಷದ್ದು.

ಬೆಂಗಳೂರು ತಮ್ಮ: ಅಂದಾಜು ಯಾಕೆ? ಫೋಟೋನೇ ಇದೆಯಲ್ಲ, ಪ್ರೂಫ್.

ಮಿಲಿಟರಿ ಭಾವ: ಫೋಟೋ ಸುಳಿವು ಅಷ್ಟೇ. ನಿಜವಾದ ಪ್ರೂಫ್ ಪಾರ್ಟ್ ಟೂ ಆರ್ಡರ್. ಸೈನಿಕನ ಮದುವೆ, ಮಗು, ಬಡ್ತಿ, ಪದಕ, ಏನೇ ಆದರೂ ಮೊದಲು ಯೂನಿಟ್‌ನಿಂದ ಆ ಆರ್ಡರ್ ಹೊರಡಬೇಕು. ಅದನ್ನು ನೋಡಿ ರೆಕಾರ್ಡ್ಸ್ ಕಚೇರಿಯವರು ಶೀಟ್ ರೋಲ್‌ನಲ್ಲಿ, ಅಂದರೆ ಸೈನಿಕನ ಸೇವಾ ದಾಖಲೆಯಲ್ಲಿ, ಏರಿಸುತ್ತಾರೆ. ಡಿಸ್ಚಾರ್ಜ್ ಬುಕ್ ತುಂಬುವುದು ಕೊನೆಗೆ, ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಕೈಬರಹದಲ್ಲಿ. ಶೀಟ್ ರೋಲ್‌ನಲ್ಲಿ ಐದೂ ಇದ್ದು, ಬುಕ್ಕಿನಲ್ಲಿ ಎರಡೇ ಬಂದಿರಬಹುದು. ಹಾಗಿದ್ದರೆ ಕೆಲಸ ಸುಲಭ.

ಮಂಡ್ಯ ಚಿಕ್ಕಪ್ಪ: ಸರಿ, ಬಂದರೆ ಎಷ್ಟು ಬರುತ್ತದೆ? ಸೈಟೋ, ದುಡ್ಡೋ?

ನಾನು: ಏನೂ ಬರುವುದಿಲ್ಲ. ನಗದು ಬಹುಮಾನ ಇರುವುದು ವೀರ ಚಕ್ರ, ಸೇನಾ ಪದಕದಂಥ ಶೌರ್ಯ ಪದಕಗಳಿಗೆ.

ಮಂಡ್ಯ ಚಿಕ್ಕಪ್ಪ: ಮತ್ತೆ ಸುಮ್ನೆ ಯಾಕೆ? 80 ದಾಟಿದ ಮನುಷ್ಯನನ್ನು ಕಚೇರಿಯಿಂದ ಕಚೇರಿಗೆ ಎಳೆದಾಡುವುದಕ್ಕಾ? ಪಿಂಚಣಿ ಸರಿಯಾಗಿ ಬರುತ್ತಿದೆ. ಅಪ್ಪನೇ ಕೇಳಲಿಲ್ಲ, ನಿಮಗೇನು? ಅಷ್ಟು ಆಸೆ ಇದ್ದರೆ ಈ ಮೆಸೇಜ್ ನೋಡಿ, ಮನೆಯಲ್ಲೇ ಕೂತು ಮಾಡಬಹುದಂತೆ.

(ಅದರ ಕೆಳಗೆ ಒಂದು ಫಾರ್ವರ್ಡ್. "ನಿಮ್ಮ ಮನೆಯಲ್ಲಿ ಮಾಜಿ ಸೈನಿಕರಿದ್ದಾರೆಯೇ? ಡಿಡಿ 214ರಲ್ಲಿ ಪದಕ ಬಿಟ್ಟುಹೋಗಿದ್ದರೆ ಫಾರ್ಮ್ 149 ತುಂಬಿ ಕಳಿಸಿ. ಎಲ್ಲರಿಗೂ ಹಂಚಿ." ನಾಲ್ಕು ತ್ರಿವರ್ಣ ಧ್ವಜ ಬೇರೆ.)

ಅಮೆರಿಕ ಅಕ್ಕ: ಚಿಕ್ಕಪ್ಪ, ಇದು ನಮ್ಮ ಕಡೆಯದು! ಡಿಡಿ 214 ಅಂದರೆ ಅಮೆರಿಕದ ಸೈನಿಕರ ಡಿಸ್ಚಾರ್ಜ್ ಪತ್ರ. ಯಾರೋ ಕನ್ನಡ ಮಾಡಿ ಬಾವುಟ ಹಚ್ಚಿದ್ದಾರೆ. ಇಲ್ಲಿ ಪದಕ ಬಿಟ್ಟುಹೋಗಿದ್ದರೆ ಮೊದಲು ಫಾರ್ಮ್ 180 ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸುತ್ತಾರೆ. ತಿದ್ದುಪಡಿ ಆದರೆ ಡಿಡಿ 215 ಅಂತ ಬೇರೆ ಹಾಳೆ ಬರುತ್ತದೆ. ಅಲ್ಲಿ ಆಗದಿದ್ದರೆ ಮಾತ್ರ ಫಾರ್ಮ್ 149, ಅದು ತಿದ್ದುಪಡಿ ಬೋರ್ಡ್‌ಗೆ ಹಾಕುವ ಅರ್ಜಿ.

ಅಮೆರಿಕ ಅಕ್ಕ: ಇನ್ನೊಂದು ವಿಷಯ. 1973ರ ಜುಲೈನಲ್ಲಿ ಆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ಹೋದವು. 1960ಕ್ಕೆ ಮುಂಚೆ ಬಿಡುಗಡೆಯಾದ ಭೂಸೇನೆಯವರದು ಬಹುಪಾಲು ಬೂದಿ. ಅಂಥವರು ಮನೆಯಲ್ಲಿ ಉಳಿದ ಹಳೆ ಆರ್ಡರ್, ಡಿಸ್ಚಾರ್ಜ್ ಪತ್ರ ಕೊಟ್ಟು ದಾಖಲೆ ಮತ್ತೆ ಕಟ್ಟಿಸಿಕೊಳ್ಳಬೇಕು. ಹಾಗಾಗಿ ತಾತನ ಬುಕ್ಕಿನ ಎಲ್ಲಾ ಪುಟ ಸ್ಕ್ಯಾನ್ ಮಾಡಿಡಿ. ಅದನ್ನು ಮಾತ್ರ ಇವತ್ತೇ ಮಾಡಿ.

ಬೆಂಗಳೂರು ತಮ್ಮ: ಇಷ್ಟೆಲ್ಲಾ ಬೇಕಾ? ಕಂಟೋನ್ಮೆಂಟ್ ಕಡೆ ಅಂಗಡಿಯಲ್ಲಿ ಪದಕದ ನಕಲು ಸಿಗುತ್ತದೆ. ಐದೂ ತಂದು ಫ್ರೇಮ್ ಹಾಕಿಸೋಣ. ತಾತನ ಹುಟ್ಟುಹಬ್ಬಕ್ಕೆ ಗಿಫ್ಟ್.

ನಾನು: ನಕಲು ತರುವುದು ತಪ್ಪಲ್ಲ. ಟಂಕಸಾಲೆಯಿಂದ ಪದಕ ಬರುವುದು ತಡವಾದರೆ ಸೇವೆಯಲ್ಲಿ ಇರುವವರೂ ಅಂಗಡಿಯಿಂದ ತಂದು ಹಾಕಿಕೊಳ್ಳುತ್ತಾರೆ. ಆದರೆ ಅವರ ಹೆಸರು ದಾಖಲೆಯಲ್ಲಿ ಇರುತ್ತದೆ. ನಮ್ಮ ತಾತನ ಸಂಗ್ರಾಮ್ ಮೆಡಲ್ ಇವತ್ತು ಕೈಯಲ್ಲಿ ಹಿಡಿದು ನೋಡಿದೆ. ಅಂಚಿನ ಮೇಲೆ ಸಣ್ಣದಾಗಿ ಆರ್ಮಿ ನಂಬರ್, ರ‍್ಯಾಂಕ್, ಹೆಸರು ಕೊರೆದಿದೆ. ಉಗುರು ಆಡಿಸಿದರೆ ತಗಲುತ್ತದೆ. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುವುದೂ ಅದೇ ನಂಬರ್. ಅಂಗಡಿಯಿಂದ ತಂದದ್ದರ ಅಂಚು ಬೋಳು.

ಮಂಡ್ಯ ಚಿಕ್ಕಪ್ಪ: ಬೋಳಾದರೆ ಏನು, ಗೋಡೆ ಮೇಲಿದ್ದರೆ ಯಾರಿಗೆ ಕಾಣುತ್ತದೆ?

ನಾನು: ತಾತನಿಗೆ ಕಾಣುತ್ತದೆ.

(ಇಲ್ಲಿ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಮಧ್ಯೆ ಬಂದದ್ದು ಯಾರದೋ ನಾಮಕರಣದ ಕಾರ್ಡ್ ಒಂದೇ. ಆಮೇಲೆ ಅತ್ತೆ ತಾತನಿಗೆ ಫೋನ್ ಮಾಡಿ ಬಂದು ಬರೆದರು. ಅವರು ಇಷ್ಟು ಉದ್ದ ಟೈಪ್ ಮಾಡಿದ್ದನ್ನು ನಾನು ನೋಡೇ ಇರಲಿಲ್ಲ.)

ಮೈಸೂರು ಅತ್ತೆ: ಅಪ್ಪನನ್ನೇ ಕೇಳಿದೆ. ಜಾಗ ಶಕರ್‌ಗಢದ ಕಡೆಯಂತೆ. ಸ್ಯಾಪರ್ ಅಂದರೆ ಟ್ಯಾಂಕ್ ಹೋಗುವ ಮುಂಚೆ ನೆಲದಲ್ಲಿ ಹುಗಿದ ಮೈನ್ ತೆಗೆದು ದಾರಿ ಮಾಡುವವರು ಅಂದರು. ಡಿಸೆಂಬರ್ ರಾತ್ರಿ, ಆಳೆತ್ತರದ ಹುಲ್ಲು, ನಮ್ಮ ಕಬ್ಬಿನ ಗದ್ದೆ ಥರ. ಬೋರಲು ಮಲಗಿ ಕಬ್ಬಿಣದ ಕಡ್ಡಿಯಲ್ಲಿ ನೆಲವನ್ನು ಓರೆಯಾಗಿ ಚುಚ್ಚುತ್ತಾ ಮುಂದೆ ಹೋಗುವುದಂತೆ. ಗಟ್ಟಿ ತಗಲಿದರೆ ಕೈ ಅಲ್ಲೇ ನಿಲ್ಲಬೇಕು. "ಪದಕ ಯಾಕೆ ಕೇಳಲಿಲ್ಲ" ಅಂದೆ. "ರಿಬ್ಬನ್ ಹಾಕಿಕೋ ಅಂದರು, ಹಾಕಿಕೊಂಡೆ. ಬುಕ್ಕಿನಲ್ಲಿ ಇಂಗ್ಲಿಷ್‌ನಲ್ಲಿ ಏನು ಬರೆದಿದ್ದಾರೆ ಅಂತ ನನಗೇನು ಗೊತ್ತು" ಅಂದರು.

ಮಿಲಿಟರಿ ಭಾವ: ಹಾಗಾದರೆ ಪಶ್ಚಿಮಿ ಅನ್ನುವುದು ಬಹುತೇಕ ಖಚಿತ. ಶಕರ್‌ಗಢ ಪಶ್ಚಿಮದ ರಣರಂಗ. ಬಸಂತರ್ ನದಿ ಕದನ ನಡೆದದ್ದು ಅಲ್ಲೇ. ಅರುಣ್ ಖೇತರ್‌ಪಾಲ್ ಅವರಿಗೆ ಪರಮವೀರ ಚಕ್ರ ಬಂದದ್ದು ಗೊತ್ತಲ್ಲ, 1971ರ ಡಿಸೆಂಬರ್ 16. ಅಲ್ಲಿ ಟ್ಯಾಂಕುಗಳಿಗೆ ಮೈನ್ ತೆಗೆದು ದಾರಿ ಮಾಡಿಕೊಟ್ಟವರು ಸ್ಯಾಪರ್‌ಗಳು. ಅವರ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಿಕ್ಕಿತು. ತಾತನ ಯೂನಿಟ್ ಬೇರೆ, ಆದರೆ ಕೆಲಸ ಅದೇ. ರಿಬ್ಬನ್ ವಿಷಯಕ್ಕೆ ಬಂದರೆ, ಯೂನಿಟ್‌ನಲ್ಲಿ ಹೇಳದೆ ಯಾರೂ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಸುಬೇದಾರ್ ಮೇಜರ್ ಬಿಡುವುದೂ ಇಲ್ಲ.

ಮಂಡ್ಯ ಚಿಕ್ಕಪ್ಪ: ಅಪ್ಪ ಇಷ್ಟು ನನ್ನ ಹತ್ತಿರ ಯಾವತ್ತೂ ಹೇಳಿಲ್ಲ.

ಮೈಸೂರು ಅತ್ತೆ: ನೀನು ಕೇಳಿದ್ದೀಯಾ?

(ಈ ಅಣ್ಣ ತಂಗಿಯ ಜಗಳದ ಮುಂದಿನ ಹದಿನೈದು ಮೆಸೇಜ್ ಇಲ್ಲಿ ಬೇಡ. ಅದರಲ್ಲಿ ಒಂದು ಎಮ್ಮೆ, ಎರಡು ಮದುವೆ ಬಂದವು.)

ಮಂಡ್ಯ ಚಿಕ್ಕಪ್ಪ: ಸರಿ. ಈಗ ನಾನು ಹೇಳುವುದನ್ನೂ ಕೇಳಿ. ಎಲ್ಲರೂ ಪದಕದ ಪುಟ ನೋಡಿದಿರಿ. ಅದರ ಹಿಂದಿನ ಪುಟ ಯಾರಾದರೂ ನೋಡಿದಿರಾ? ಹೆಂಡತಿ ಹೆಸರು ಇರುವ ಕಡೆ. ಅವ್ವನ ಹೆಸರಿನ ಕೊನೆಯಲ್ಲಿ "ಅಮ್ಮ" ಇಲ್ಲ. ಹುಟ್ಟಿದ ವರ್ಷವೂ ಬೇರೆ. ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಪೂರ್ತಿ ಹೆಸರಿದೆ. ನಾಳೆ ಅಪ್ಪನಿಗೆ ಏನಾದರೂ ಆದರೆ ಕುಟುಂಬ ಪಿಂಚಣಿಗೆ ಅವ್ವ ಎಲ್ಲಿ ಅಲೆಯಬೇಕು? ನಮ್ಮೂರಲ್ಲೇ ಒಬ್ಬರು ಹೀಗೆ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಓಡಾಡಿದ್ದನ್ನು ನಾನೇ ನೋಡಿದ್ದೇನೆ. ಮೊದಲು ಅದು. ರಿಬ್ಬನ್ ಆಮೇಲೆ.

(ಚಿಕ್ಕಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಪದಕ ತಿದ್ದಿಸುವುದು ಬೇಡ ಅನ್ನುವುದಕ್ಕೆ ಮಾತ್ರ ಅದು ಕಾರಣವಲ್ಲ. ಎರಡೂ ಒಂದೇ ಬುಕ್ಕಿನ ತಪ್ಪುಗಳು. ಎರಡಕ್ಕೂ ಸಹಿ ಹಾಕಬೇಕಾದವರು ಇವತ್ತು ಮನೆಯಲ್ಲೇ ಇದ್ದಾರೆ.)

ನಾನು: ಒಪ್ಪಿದೆ ಚಿಕ್ಕಪ್ಪ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದು ಕಳಿಸೋಣ.

ಮಿಲಿಟರಿ ಭಾವ: ಆ ಕೆಲಸ ಮಾತ್ರ ಮಾಡಬೇಡಿ! ರೆಕಾರ್ಡ್ಸ್ ಕಚೇರಿಯಲ್ಲಿ ಪದಕ ನೋಡುವ ವಿಭಾಗ ಬೇರೆ, ಕುಟುಂಬದ ವಿವರ, ಪಿಂಚಣಿ ನೋಡುವ ವಿಭಾಗ ಬೇರೆ. ಒಂದೇ ಕಾಗದದಲ್ಲಿ ಎರಡು ಬೇಡಿಕೆ ಇದ್ದರೆ ಒಂದು ಟೇಬಲ್‌ನವರು ಅವರ ಭಾಗ ನೋಡಿ ಫೈಲ್ ಮಾಡಿಬಿಡುತ್ತಾರೆ. ಎರಡು ಪತ್ರ, ಎರಡು ಲಕೋಟೆ. ಎರಡಕ್ಕೂ ತಾತನದೇ ಸಹಿ. ಪ್ರತಿ ಹಾಳೆ ಮೇಲೂ ಆರ್ಮಿ ನಂಬರ್. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ), ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಎಲ್ಲದರ ಜೆರಾಕ್ಸ್ ಇಡಿ. ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಅಜ್ಜಿಯ ಪತ್ರದ ಜೊತೆ ಏನೇನು ಬೇಕು ಅಂತ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿಕೊಂಡು ಅವರ ಮೂಲಕವೇ ಕಳಿಸಿ.

ಬೆಂಗಳೂರು ತಮ್ಮ: ಪದಕದ್ದು ನಾನು ಬರೆದೆ, ನೋಡಿ: "ನಮ್ಮ ತಾತ ಯುದ್ಧವೀರರು, ಅವರಿಗೆ ಅನ್ಯಾಯವಾಗಿದೆ, ಕೂಡಲೇ ಪಶ್ಚಿಮಿ ಸ್ಟಾರ್ ಕೊಡಬೇಕು..."

ಮಿಲಿಟರಿ ಭಾವ: ಅನ್ಯಾಯ, ವೀರ, ಕೂಡಲೇ, ಮೂರೂ ತೆಗಿ. ಬರೆಯುವವರು ತಾತ, ನೀನಲ್ಲ. ಹೀಗೆ ಬರಿ: "ನಾನು ಇಷ್ಟರಿಂದ ಇಷ್ಟರವರೆಗೆ ಸೇವೆಯಲ್ಲಿದ್ದೆ. 1971ರಲ್ಲಿ ಇಂಥ ಯೂನಿಟ್‌ನಲ್ಲಿ, ಇಂಥ ಪ್ರದೇಶದಲ್ಲಿದ್ದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಎರಡು ಪದಕ ಮಾತ್ರ ನಮೂದಾಗಿವೆ. ಶೀಟ್ ರೋಲ್ ಪರಿಶೀಲಿಸಿ, ಅರ್ಹವಾದ ಇತರ ಪದಕಗಳಿದ್ದರೆ ನಮೂದಿಸಿ ತಿಳಿಸಬೇಕಾಗಿ ವಿನಂತಿ." ಮೂರು ಪದಕದ ಹೆಸರು ಕೆಳಗೆ ಹಾಕು. ಇದನ್ನೇ ಇಂಗ್ಲಿಷ್‌ಗೆ ತಿರುಗಿಸಿ ಟೈಪ್ ಮಾಡು, ಕಳಿಸುವುದು ಅದನ್ನೇ.

ನಾನು: ಉತ್ತರ ಬರದಿದ್ದರೆ?

ಮಿಲಿಟರಿ ಭಾವ: ತಾತನ ಹೆಸರಿನಲ್ಲೇ ಆರ್‌ಟಿಐ. 10 ರೂಪಾಯಿ ಶುಲ್ಕ, 30 ದಿನದ ಗಡುವು. "ನನ್ನ ಶೀಟ್ ರೋಲ್‌ನ ಪದಕಗಳ ಪುಟದ ದೃಢೀಕೃತ ಪ್ರತಿ ಕೊಡಿ" ಅಂತ ಒಂದೇ ಪ್ರಶ್ನೆ. ಪಿಂಚಣಿ ಇಲ್ಲದೆ ಬಂದವರ ಕಡತವನ್ನು 25 ವರ್ಷದ ಮೇಲೆ ನಾಶ ಮಾಡಿಬಿಡುತ್ತಾರೆ, ತಾತ ಪಿಂಚಣಿದಾರರು, ಆ ಭಯ ಕಡಿಮೆ. ಕೊಚ್ಚಿಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವೂ ಇದೆ, ಆದರೆ ಆ ಮಾತು ಈಗ ಎತ್ತಬೇಡಿ. ವಕೀಲರ ಫೀಸು ಕೇಳಿದರೆ ಚಿಕ್ಕಪ್ಪ ಗುಂಪು ಬಿಡುತ್ತಾರೆ.

ಮಂಡ್ಯ ಚಿಕ್ಕಪ್ಪ: ಅವ್ವನ ಪತ್ರ ಮೊದಲು ಹೋಗಬೇಕು. ಅದಕ್ಕಾದರೆ ಬುಧವಾರ ನಾನು ಬರುತ್ತೇನೆ.

ಮೈಸೂರು ಅತ್ತೆ: ಎರಡೂ ಒಂದೇ ದಿನ ಪೋಸ್ಟ್ ಆಗುತ್ತವೆ. ಮೊದಲು ಯಾವುದನ್ನು ಕೌಂಟರ್‌ಗೆ ಕೊಡಬೇಕು ಅಂತಲೂ ಜಗಳ ಆಡುತ್ತೀಯಾ?

ಮಂಡ್ಯ ಚಿಕ್ಕಪ್ಪ: ಅವ್ವನದು.