ಆನ್‌ಲೈನ್ ಜರ್ಮನ್ ತರಗತಿಯಲ್ಲಿ ಉಚ್ಚಾರಣೆ ಸ್ಪಷ್ಟವಾಗಿ ಕೇಳಿಸುತ್ತಿಲ್ಲ

ಪ್ರಶ್ನೆ
ಝೂಮ್‌ನಲ್ಲಿ ಎ1 (ಆರಂಭಿಕ) ಹಂತದ ಜರ್ಮನ್ ತರಗತಿ, 8 ಜನ ಕಲಿಯುವವರು. ಅವರು 'ಇಖ್' (ich, ಅಂದರೆ 'ನಾನು') ಅನ್ನುತ್ತಿದ್ದಾರೋ 'ಇಶ್' ಅನ್ನುತ್ತಿದ್ದಾರೋ ಗೊತ್ತಾಗುವುದಿಲ್ಲ. ಎಲ್ಲರಿಂದ ಒಟ್ಟಿಗೆ ಹೇಳಿಸಿದರೆ ಬರೀ ಗದ್ದಲ. ಪಠ್ಯದ ಆಡಿಯೋ ಹಾಕಿದರೆ ಅವರಿಗೆ ತುಂಡುತುಂಡಾಗಿ ಕೇಳುತ್ತದಂತೆ. ನೆಟ್ ವೇಗಕ್ಕೇನೂ ಕೊರತೆಯಿಲ್ಲ. ಏನು ಮಾಡಬಹುದು?

ಉತ್ತರ 1
ಯಾರ್ಯಾರು ಬ್ಲೂಟೂತ್ ಹೆಡ್‌ಸೆಟ್ ಹಾಕಿದ್ದಾರೆ, ಮೊದಲು ಅದನ್ನು ಕೇಳಿ. ಮೈಕ್ ಆನ್ ಆದ ಕೂಡಲೇ ಅವುಗಳಲ್ಲಿ ಹೆಚ್ಚಿನವು ಫೋನ್ ಕರೆಯ ಮೋಡ್‌ಗೆ ಇಳಿಯುತ್ತವೆ. ಆಗ ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಸಲ, 8 ಅಥವಾ 16 ಕಿಲೋಹರ್ಟ್ಸ್ (8 ಅಥವಾ 16 ಸಾವಿರ). 8 ಆದರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಸದ್ದು ಬರುವುದೇ ಇಲ್ಲ. ಸ, ಫ, 'ಇಖ್'ನ ಕೊನೆಯ ಸದ್ದು, ಇಂಥ ಉಸಿರಿನ ಧ್ವನಿಗಳ ಗುರುತು ಬಹಳಷ್ಟು ಅಲ್ಲೇ ಇರುವುದು. ಸಾಧಾರಣ ವೈರ್ ಇಯರ್‌ಫೋನ್ ಇದಕ್ಕಿಂತ ಎಷ್ಟೋ ವಾಸಿ.

ಎರಡನೆಯದು ನಾಯ್ಸ್ ಸಪ್ರೆಶನ್. ಫ್ಯಾನ್ ಸದ್ದನ್ನು ಅಳಿಸುವ ಭರದಲ್ಲಿ ಅದು ಇವೇ ಉಸಿರಿನ ಧ್ವನಿಗಳನ್ನೂ ತಿನ್ನಬಹುದು. ಕಲಿಯುವವರ ಕಡೆ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಅದನ್ನು 'ಲೋ'ಗೆ ಇಳಿಸಿ. ಉಚ್ಚಾರಣೆಯ ಅಭ್ಯಾಸದ ಹೊತ್ತಿಗೆ 'ಒರಿಜಿನಲ್ ಸೌಂಡ್' (ಧ್ವನಿಯನ್ನು ಹೆಚ್ಚು ತಿದ್ದದೆ ಕಳಿಸುವ ಝೂಮ್ ಸೆಟ್ಟಿಂಗ್) ಹಾಕಬಹುದು, ಆದರೆ ಎಲ್ಲರೂ ಇಯರ್‌ಫೋನ್ ಹಾಕಿಕೊಂಡಿದ್ದರೆ ಮಾತ್ರ. ಇಲ್ಲದಿದ್ದರೆ ಪ್ರತಿಧ್ವನಿ ಶುರುವಾಗುತ್ತದೆ.

ಆಡಿಯೋ ತುಂಡಾಗುವುದಕ್ಕೂ ಕಾರಣ ಇದರ ಹತ್ತಿರದ್ದೇ. ಸ್ಪೀಕರ್‌ನಿಂದ ಬಂದ ಸದ್ದನ್ನು ಮೈಕ್ ಹಿಡಿಯುತ್ತದೆ, ಎಕೋ ಕ್ಯಾನ್ಸಲೇಶನ್ ಅದನ್ನು ಪ್ರತಿಧ್ವನಿ ಎಂದುಕೊಂಡು ಕತ್ತರಿಸುತ್ತದೆ. ಸ್ಕ್ರೀನ್ ಶೇರ್ ಮಾಡುವಾಗ 'ಶೇರ್ ಸೌಂಡ್' ಟಿಕ್ ಮಾಡಿ, ನಿಮ್ಮ ಮೈಕ್ ಮ್ಯೂಟ್ ಮಾಡಿ.

ಉತ್ತರ 2
ಒಟ್ಟಿಗೆ ಹೇಳಿಸುವುದನ್ನು ಯಾವ ಸೆಟ್ಟಿಂಗ್‌ನಿಂದಲೂ ಸರಿ ಮಾಡಲಾಗದು. ಪ್ರತಿಯೊಬ್ಬರ ಧ್ವನಿ ಬೇರೆ ಬೇರೆ ವಿಳಂಬದಲ್ಲಿ ಬರುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ದಾಟಿದರೆ ಸಾಮಾನ್ಯ ಸಂಭಾಷಣೆಯಲ್ಲೇ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳತೊಡಗುತ್ತದೆ, ಇನ್ನು 8 ಜನರ ಕೋರಸ್ ಕೇಳಬೇಕೇ! ಎಲ್ಲರೂ ಮ್ಯೂಟ್‌ನಲ್ಲೇ ಮೂರು ಸಲ ಹೇಳಲಿ, ನೀವು ತುಟಿ ನೋಡಿ: 'ಇಶ್' ಅಂದರೆ ಸಾಮಾನ್ಯವಾಗಿ ತುಟಿ ಮುಂದಕ್ಕೆ ಬರುತ್ತದೆ, 'ಇಖ್'ಗೆ ಅಗಲವಾಗಿಯೇ ಇರುತ್ತದೆ. ಆಮೇಲೆ ಇಬ್ಬರನ್ನೋ ಮೂವರನ್ನೋ ಹೆಸರು ಹಿಡಿದು ಕರೆಯಿರಿ. ಕಂಪ್ಯೂಟರ್‌ನಲ್ಲಿ ಇರುವವರು ಸ್ಪೇಸ್ ಬಾರ್ ಒತ್ತಿ ಹಿಡಿದು ಮಾತಾಡಿದರೆ ಸಾಕು, ಬಿಟ್ಟ ಕೂಡಲೇ ಮತ್ತೆ ಮ್ಯೂಟ್. ಕ್ಯಾಮೆರಾ ಮುಖದ ಮಟ್ಟದಲ್ಲಿರಲಿ, ಬೆಳಕು ಎದುರಿನಿಂದ ಬೀಳಲಿ. ಬೆನ್ನಿಗೆ ಕಿಟಕಿ ಇದ್ದರೆ ತುಟಿ ಕಾಣುವುದಿಲ್ಲ.

ನಿಜವಾದ ಮಾತಿನ ಅಭ್ಯಾಸ ಬ್ರೇಕ್‌ಔಟ್ ರೂಮ್‌ನಲ್ಲಿ (ಕರೆಯೊಳಗೇ ಮಾಡುವ ಚಿಕ್ಕ ಗುಂಪಿನ ಕೋಣೆ). ಇಬ್ಬಿಬ್ಬರಂತೆ 4 ರೂಮ್, 5–6 ನಿಮಿಷ. ಪ್ರಶ್ನೆಗಳನ್ನು ಗೂಗಲ್ ಡಾಕ್‌ನಲ್ಲಿ ಹಾಕಿ ರೂಮ್ ತೆರೆಯುವ ಮೊದಲೇ ಲಿಂಕ್ ಕೊಡಿ. ಇಲ್ಲವಾದರೆ ಮೊದಲ ಎರಡು ನಿಮಿಷ "ಏನು ಮಾಡಬೇಕಂತೆ?" ಅನ್ನುವುದರಲ್ಲೇ ಹೋಗುತ್ತದೆ. ಒಮ್ಮೆಗೆ ಒಂದೇ ರೂಮಿನಲ್ಲಿ ನೀವು ಕೇಳಬಲ್ಲಿರಿ, ಹಾಗಾಗಿ ತಪ್ಪುಗಳನ್ನು ಬರೆದಿಟ್ಟುಕೊಂಡು ಎಲ್ಲರೂ ವಾಪಸ್ ಬಂದ ಮೇಲೆ ಹೆಸರು ಹೇಳದೆ ತಿದ್ದಿ.

ಉತ್ತರ 3
ಮೇಲಿನವರು ಹೇಳಿದ್ದು ಸರಿ, ಆದರೂ ಒಂದೊಂದು ಧ್ವನಿಯನ್ನು ತೂಗಿ ನೋಡಲು ವಿಡಿಯೋ ಕರೆ ಒಳ್ಳೆಯ ಜಾಗವಲ್ಲ. 5 ವಾಕ್ಯ ಕೊಟ್ಟು ಫೋನಿನ ರೆಕಾರ್ಡರ್‌ನಲ್ಲಿ ಹೇಳಿ ಫೈಲ್ ಕಳಿಸಲು ಹೇಳಿ. ಕರೆಯ ಮಧ್ಯೆ ಆಗುವ ಕಡಿತ, ವಿಳಂಬ ಯಾವುದೂ ಅದರಲ್ಲಿರುವುದಿಲ್ಲ.

ಲೈವ್ ಕ್ಯಾಪ್ಶನ್ (ಮಾತು ತಾನಾಗಿ ಪರದೆಯ ಮೇಲೆ ಬರಹವಾಗಿ ಬರುವುದು) ನೋಡಿ ಉಚ್ಚಾರಣೆ ಅಳೆಯಬೇಡಿ. ಹಿಂದುಮುಂದಿನ ಪದಗಳಿಂದ ಊಹಿಸಿ, ತಪ್ಪಾಗಿ ಹೇಳಿದ್ದನ್ನೂ ಅದು ಸರಿಯಾಗಿ ಬರೆದುಬಿಡಬಹುದು.

ಪ್ರಶ್ನೆ ಕೇಳಿದವರು
ಮೂವರಿಗೂ ಧನ್ಯವಾದ. ಫೋನಿನಿಂದ ಸೇರುವವರ ನೆಟ್ ಆಗಾಗ ಬೀಳುತ್ತದೆ, ಅವರಿಗೆ?

ಉತ್ತರ 1
ಮಾತಾಡುವ ಸರದಿ ಬರುವವರೆಗೆ ಅವರ ವಿಡಿಯೋ ಆಫ್ ಇರಲಿ. ಧ್ವನಿಗೆ ಬೇಕಾದದ್ದು ಹೆಚ್ಚೆಂದರೆ ನೂರು ಕೆಬಿಪಿಎಸ್ ಆಸುಪಾಸು, ನೆಟ್ ಎಳೆಯುವುದೆಲ್ಲ ವಿಡಿಯೋ. ಆಡಿಯೋ ಫೈಲನ್ನು ತರಗತಿಗೆ ಮೊದಲೇ ಕಳಿಸಿಬಿಡಿ, ಅವರು ತಮ್ಮ ಫೋನಿನಲ್ಲೇ ಕೇಳಿಕೊಳ್ಳಲಿ.