21 ದಿನದ ರಜೆಗೆ ಮನೆಯವರು ಬರ್ತಿದ್ದಾರೆ, ಊರು ಸುತ್ತೋದು ಬೇಡ ಅಂದುಕೊಂಡಿದ್ದೇನೆ. ನಿಮ್ಮ ಅನುಭವ ಹೇಳಿ

ಕೋಡಿಬಾಗದ ಟೀಚರ್ (ಪ್ರಶ್ನೆ)

ನಾನು ಕಾರವಾರದಲ್ಲಿ ಹೈಸ್ಕೂಲ್ ಟೀಚರ್. ಮನೆಯವರು ಮಸ್ಕತ್‌ನಲ್ಲಿದ್ದಾರೆ. ಮದುವೆಯಾಗಿ 4 ವರ್ಷ ಆಯಿತು. ಒಟ್ಟಿಗೆ ಇದ್ದದ್ದು 97 ದಿನ, ಕ್ಯಾಲೆಂಡರ್ ನೋಡಿ ಎಣಿಸಿದ್ದೇನೆ. ಹೋದ ಸಲ 24 ದಿನ ಬಂದಿದ್ದರು. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಗೋವಾ, ಎರಡು ಮದುವೆ, ಒಂದು ಗೃಹಪ್ರವೇಶ. ಅವರು ವಾಪಸ್ ಹೋದ ಮರುದಿನ ಚಹಾ ಮಾಡುವಾಗ ಗೊತ್ತಾಯಿತು, ಅವರು ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ ಅಂತಲೇ ನನಗೆ ಗೊತ್ತಿಲ್ಲ. ಅಷ್ಟೂ ದಿನ ಹೋಟೆಲಲ್ಲಿ, ಇಲ್ಲ ನೆಂಟರ ಮನೆಯಲ್ಲಿ ಕುಡಿದಿದ್ದೆವು.

ಈ ಡಿಸೆಂಬರಲ್ಲಿ 21 ದಿನ ಬರುತ್ತಾರೆ. ಈ ಸಲ ಬೆಳಿಗ್ಗೆ ಮೀನು ಮಾರ್ಕೆಟ್, ಸಂಜೆ ಬಟ್ಟೆ ಮಡಿಸೋದು, ಕರೆಂಟ್ ಬಿಲ್ ಕಟ್ಟೋದು, ಇಷ್ಟೇ ಸಾಕು. ನಾನು ರಜೆ ಹಾಕಬೇಕಾ, ಶಾಲೆಗೆ ಹೋಗ್ತಾ ಇರಬೇಕಾ? ನೆಂಟರಿಗೆ ಏನು ಹೇಳೋದು? ಅತ್ತೆ ನಮ್ಮ ಜೊತೆಗೇ ಇದ್ದಾರೆ.

ಸದಾಶಿವಗಡದವಳು

ತಂಗಿ, ನಮ್ಮದು 11 ವರ್ಷದ ಕತೆ. ನಮ್ಮನೆಯವರು ಹಡಗಿನ ಎಂಜಿನ್ ರೂಮಲ್ಲಿ ಮೋಟರ್‌ಮನ್. ಹಡಗಿಂದ ಇಳಿದ ದಿನವೇ ಸಂಬಳ ನಿಲ್ಲುತ್ತದೆ, ಆಮೇಲೆ ಎಲ್ಲಾ ಕೈಯಿಂದ ಖರ್ಚು.

2024ರಲ್ಲಿ ಜುಲೈ 28ಕ್ಕೆ ಬಂದರು. ಎಂಟು ತಿಂಗಳು ಫ್ರೋಜನ್ ಮೀನು ತಿಂದವರಿಗೆ ತಾಜಾ ಬಂಗಡೆಯ ಆಸೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೆ ನಿಷೇಧ ಅಲ್ವಾ. ಮೊದಲ ನಾಲ್ಕು ದಿನ ಒಣ ಮೀನು ಮತ್ತು ಕಾಳಿ ಹೊಳೆಯ ತಿಸರೆ (ಚಿಪ್ಪುಮೀನು). ಆಗಸ್ಟಲ್ಲಿ ಶಿರಸಿ, ಬನವಾಸಿ, ಧಾರವಾಡ ಅಂತ ದೊಡ್ಡ ಪ್ಲಾನ್ ಇತ್ತು. ಅಷ್ಟರಲ್ಲಿ ಆಗಸ್ಟ್ 7ರ ನಡುರಾತ್ರಿ ಕಾಳಿ ಹಳೆ ಸೇತುವೆ ಕುಸಿಯಿತು. ಮಾರ್ಕೆಟ್, ಬ್ಯಾಂಕ್, ಆಸ್ಪತ್ರೆ ಎಲ್ಲಾ ನಮಗೆ ಆಚೆ ದಡದಲ್ಲಿ. ಹೊಸ ಸೇತುವೆ ಮೇಲೇ ಎರಡೂ ಕಡೆಯ ಗಾಡಿ ಬಿಟ್ಟರೂ ನಮಗೆ ಹೆದರಿಕೆ ಹೋಗಲಿಲ್ಲ. ಒಂಬತ್ತು ದಿನ ಎಲ್ಲಿಗೂ ಹೋಗಲಿಲ್ಲ.

ಆ ಒಂಬತ್ತು ದಿನ ನಾನು ಈಗಲೂ ಒಂದೊಂದಾಗಿ ನೆನೆಯುತ್ತೇನೆ. ಬಾತ್‌ರೂಮಿನ ನಲ್ಲಿ ಎರಡು ವರ್ಷದಿಂದ ಸೋರುತ್ತಿತ್ತು. ನಾನು ಕೆಳಗೆ ಬಕೆಟ್ ಇಟ್ಟು ರೂಢಿಯಾಗಿತ್ತು. ಅವರು ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ಆ ರಾತ್ರಿ ಬಕೆಟಿನ ಟಪ್ ಟಪ್ ಇಲ್ಲದೆ ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತರೆ ಅವರೂ ಎದ್ದಿದ್ದರು, ಎಂಜಿನ್ ಸದ್ದಿಲ್ಲದೆ ಅವರಿಗೂ ನಿದ್ದೆ ಇಲ್ಲ. ಇಬ್ಬರೂ ಮಳೆ ಕೇಳುತ್ತಾ ಬೆಳಗು ಮಾಡಿದೆವು.

ಆಮೇಲೆ ಮುಂಬೈಗೆ ರಿಫ್ರೆಶರ್ ಕೋರ್ಸ್. 12 ದಿನ ಹಾಳು! ಫೀಸ್ 14,200. ರೂಮ್ ದಿನಕ್ಕೆ 1,400ರಂತೆ 16,800. ಊಟ 4,200. ಮೆಡಿಕಲ್ 3,500. ರೈಲು 2,260. ಒಟ್ಟು 40,960 ರೂಪಾಯಿ. ಹೇಗೂ ರೂಮ್ ಬಾಡಿಗೆ ಕೊಡುತ್ತಿದ್ದೆವು, ನಾನೂ ಹೋಗಬಹುದಿತ್ತು. ಹೋಗಲಿಲ್ಲ, ನೀರಿನ ಟ್ಯಾಂಕ್ ಕಟ್ಟುವವರು ಬರ್ತೇವೆ ಅಂದಿದ್ದರು. ಅವರು ಬರಲೂ ಇಲ್ಲ.

ಹೊನ್ನಾವರದವ, ದುಬೈ

16 ವರ್ಷದಿಂದ ವರ್ಷಕ್ಕೆ 30 ದಿನ ಬರುವವನು ನಾನು. ಅಕ್ಕಾ, ಊರಿಗೆ ಬಂದವನ ಕಡೆಯಿಂದ ಹೇಳ್ತೇನೆ.

ಮೊದಲ ಆರು ವರ್ಷ ನಾನು ಮನೆಗೆ ಬರುತ್ತಿರಲಿಲ್ಲ, ಸೂಟ್‌ಕೇಸ್ ಬರುತ್ತಿತ್ತು. ನಿಡೊ ಡಬ್ಬಿ, ಟ್ಯಾಂಗ್, ಸೆಂಟ್, ಖರ್ಜೂರ, ಬಾದಾಮಿ, ತಲೆನೋವಿನ ಮುಲಾಮು. 30 ಕೆಜಿ ಮೀರಿ ಒಮ್ಮೆ ಕೌಂಟರಲ್ಲಿ 7,900 ಕಟ್ಟಿದ್ದೇನೆ. ಅದನ್ನೆಲ್ಲ ಯಾರ್ಯಾರಿಗೆ ಅಂತ ಹಂಚೋದರಲ್ಲಿ ಐದು ದಿನ. ಯಾರಿಗೆ ಕಡಿಮೆ ಆಯಿತು ಅಂತ ಸಮಾಧಾನ ಮಾಡೋದರಲ್ಲಿ ಇನ್ನೆರಡು ದಿನ. ಹೆಂಡತಿ ನನಗೆ ಮಾತ್ರ ದೊಡ್ಡ ಸ್ಟೀಲ್ ತಟ್ಟೆ ಇಡುತ್ತಿದ್ದಳು, ಎರಡು ತುಂಡು ಇಸವಣ ಮೀನು ಜಾಸ್ತಿ ಹಾಕುತ್ತಿದ್ದಳು. ಪ್ರೀತಿಯಿಂದಲೇ. ಆದರೆ ಅದು ನೆಂಟನ ತಟ್ಟೆ.

2019ರಲ್ಲಿ ಮಗಳಿಗೆ ಜ್ವರ ಬಂತು, ಎಲ್ಲಾ ಪ್ಲಾನ್ ರದ್ದು. ಹೆಂಡತಿ ಅವಳ ಹತ್ತಿರ ಕೂತಳು, ನಾನು ರೇಷನ್ ಅಂಗಡಿ ಕ್ಯೂಗೆ ಹೋದೆ. ಸರ್ವರ್ ಇಲ್ಲ ಅಂದರು. ಎರಡೂವರೆ ಗಂಟೆ ನಿಂತು ಬರಿಗೈಯಲ್ಲಿ ವಾಪಸ್. ಮರುದಿನ ಮತ್ತೆ ಹೋದೆ. ಅವಳು ತಿಂಗಳು ತಿಂಗಳು ಹೀಗೆ ನಿಲ್ಲುತ್ತಾಳೆ ಅಂತ ಫೋನಲ್ಲಿ ಕೇಳಿದ್ದೆ, ಕಾಲಿಗೆ ಗೊತ್ತಾದದ್ದು ಅವತ್ತು. ಹಾಗಾಗಿ ನೀವು ರಜೆ ಹಾಕಬೇಡಿ. ಶಾಲೆಗೆ ಹೋಗಿ. ಟಿಫಿನ್ ಡಬ್ಬಿ ಅವರು ಕಟ್ಟಲಿ. ನೀವು ಸುಸ್ತಾಗಿ ಬರೋದನ್ನು ಅವರು ನೋಡಲಿ.

ಇನ್ನೊಂದು. ಟಿಕೆಟ್ 3,100 ಕಡಿಮೆ ಅಂತ ಮೋಪಾ ಏರ್‌ಪೋರ್ಟಿಗೆ ಬರಬೇಡಿ ಅಂತ ಹೇಳಿ. ಅದು ಉತ್ತರ ಗೋವಾದ ತುದಿ, ಪೆಡ್ಣೆ ಕಡೆ. ಟ್ಯಾಕ್ಸಿಗೆ 5,800 ಕೊಟ್ಟೆ. ದಾಬೋಲಿಂ ಆದರೆ ಮಡಗಾಂವ್‌ಗೆ ಬಂದು ರೈಲು ಹಿಡಿಯಬಹುದು.

ಶಿರಸಿ ತೋಟದವ

ನಮ್ಮಲ್ಲಿ ಉಲ್ಟಾ. ನಾನು ಊರಲ್ಲಿ, ಹೆಂಡತಿ ಬೆಂಗಳೂರಲ್ಲಿ ಸಾಫ್ಟ್‌ವೇರ್. ಇದನ್ನು ಹೇಳಿದರೆ ಜನ ನನ್ನ ಮುಖ ನೋಡುವ ರೀತಿಯೇ ಬೇರೆ. ಇರಲಿ.

ಹೋದ ವರ್ಷ ಜುಲೈಯಲ್ಲಿ 12 ದಿನ ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು ಬಂದಳು. ಒಟ್ಟಿಗೆ ಇರೋಣ ಅಂತ. ಆದರೆ ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯೋದು ಬಾಕಿ ಇತ್ತು. ಎಂಟು ದಿನ ಮಳೆ ಬಿಟ್ಟು ಹೊಳವೇ ಆಗಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರ್ತೇನೆ ಅಂದವನು ಬೇರೆ ತೋಟಕ್ಕೆ ಹೋದ. ಕೆಳಗಿನ ತೋಟದಲ್ಲಿ ಕೊಳೆರೋಗ ಶುರುವಾಯಿತು, ಬೆಳಿಗ್ಗೆ ಹೋದರೆ ಮರದ ಬುಡದಲ್ಲಿ ಹಸಿರು ಕಾಯಿ ಚೆಲ್ಲಿರುತ್ತಿತ್ತು. ನಾನು ಯಾರ ಹತ್ತಿರವೂ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅವಳು ನೆಟ್ ಹುಡುಕಿಕೊಂಡು ಛತ್ರಿ ಹಿಡಿದು ಗುಡ್ಡದ ಮೇಲೆ ಮೀಟಿಂಗ್ ಮಾಡುತ್ತಿದ್ದಳು. ಒಂದೇ ಮನೆಯಲ್ಲಿ ಇದ್ದರೂ ಫೋನಲ್ಲೇ ಜಾಸ್ತಿ ಮಾತಾಡುತ್ತಿದ್ದೆವು ಅನ್ನಿಸಿತು.

ಒಂಬತ್ತನೇ ದಿನ ಹೊಳವಾಯಿತು. ಆಳು ಕಡಿಮೆ. ಅವಳು ರಜೆ ಹಾಕಿ ಬ್ಯಾರೆಲ್ ಹತ್ತಿರ ನಿಂತಳು. ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಏಳು ಬ್ಯಾರೆಲ್ ಅವಳೇ ಕಲಸಿದಳು. ಸಂಜೆ ಇಬ್ಬರ ಕೈಯೂ ನೀಲಿ. ಅಮ್ಮ ತೆಳ್ಳೇವು (ತೆಳು ದೋಸೆ) ಎರೆದು ಜೋನಿ ಬೆಲ್ಲ ಹಾಕಿಕೊಟ್ಟರು, ಎಷ್ಟು ತಿಂದೆವೋ ಲೆಕ್ಕ ಇಲ್ಲ. ಮದುವೆಯ ದಿನಕ್ಕಿಂತ ಆ ದಿನ ನನಗೆ ದೊಡ್ಡದು.

ಬಸ್ಸಿಗೆ ಮಾತ್ರ ಒಂದು ಕಡೆಗೆ 1,250. ತಿಂಗಳಿಗೆ ಎರಡು ಸಲ ಬಂದು ಹೋದರೆ 5,000.

ಯಲ್ಲಾಪುರದವಳು

ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ ಅಣ್ಣಾ, 5,000 ಯಾಕೆ?

ಶಿರಸಿ ತೋಟದವ

ಶಕ್ತಿ ಯೋಜನೆ ಸ್ಲೀಪರ್‌ಗೂ ಇಲ್ಲ, ರಾಜಹಂಸಕ್ಕೂ ಇಲ್ಲ. ಶುಕ್ರವಾರ ರಾತ್ರಿ ತನಕ ಕೆಲಸ ಮಾಡಿದವಳನ್ನು ಸಾದಾ ಬಸ್ಸಲ್ಲಿ ಇಡೀ ರಾತ್ರಿ ಕೂರಿಸಿಕೊಂಡು ಬಾ ಅನ್ನಲಾ?

ಯಲ್ಲಾಪುರದವಳು

ನಾನು ಹುಬ್ಬಳ್ಳಿಯಿಂದ ಪ್ರತಿ ವಾರ ಸಾದಾ ಬಸ್ಸಲ್ಲೇ ಬರುತ್ತೇನೆ, ಎರಡು ವರ್ಷದ ಮಗು ಕಂಕುಳಲ್ಲಿ. ಕೂರಲು ಆಗದಂಥದ್ದೇನೂ ಅಲ್ಲ ಅದು.

ಪುಣೆಯಲ್ಲಿರುವ ಕುಮಟೆಯವಳು

ಇದನ್ನೆಲ್ಲ ಓದಿ ಹೊಟ್ಟೆ ಉರಿಯಿತು. 21 ದಿನ, 12 ದಿನ ಅಂತ ಎಣಿಸಿಕೊಂಡು ಬದುಕೋದು ಯಾಕೆ? ನಾನು 2021ರಲ್ಲಿ ಖಾಯಂ ಕೆಲಸ ಬಿಟ್ಟು ಗಂಡನ ಹತ್ತಿರ ಬಂದೆ. 9 ವರ್ಷದ ಸರ್ವಿಸ್. ಈಗ ದಿನಾ ಸಂಜೆ ಏಳೂವರೆಗೆ ಅವರು ಬಾಗಿಲು ತಟ್ಟುತ್ತಾರೆ. ಅದಕ್ಕಿಂತ ಏನು ಬೇಕು? ಟೀಚರ್, ನೀವೂ ಮಸ್ಕತ್‌ಗೆ ಹೋಗಿ.

ಸದಾಶಿವಗಡದವಳು

ನಾನು ಎಲ್ಲಿಗೆ ಹೋಗಲಿ, ಎಂಜಿನ್ ರೂಮಿಗಾ? ಅವರು ಕೇಳಿದ್ದು 21 ದಿನ ಹೇಗೆ ಕಳೆಯಲಿ ಅಂತ. ಕೆಲಸ ಬಿಡಲಾ ಅಂತ ಕೇಳಿಲ್ಲ. ಎಲ್ಲರ ಮನೆ ಸಾಲವೂ ಒಂದೇ ಸಂಬಳದಲ್ಲಿ ತೀರುವುದಿಲ್ಲ.

ಪುಣೆಯಲ್ಲಿರುವ ಕುಮಟೆಯವಳು

ಸಾಲ ನಮಗೂ ಇತ್ತು. 18 ಲಕ್ಷ. ನನ್ನ ಪಿಎಫ್ 4,12,000 ಪೂರ್ತಿ ಅದಕ್ಕೇ ಹೋಯಿತು. ಬಂಗಾರ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ. ಇಲ್ಲಿ ಎರಡು ಕಡೆ ಇಂಟರ್‌ವ್ಯೂಗೆ ಹೋದೆ, ವಯಸ್ಸು ಜಾಸ್ತಿ ಅಂದರು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಆದರೂ ಆ ಏಳೂವರೆ ನನ್ನದು. ಯಾರೂ ನನಗೆ ಲೆಕ್ಕ ಕಲಿಸಬೇಕಾಗಿಲ್ಲ.

ಅಂಕೋಲೆಯ ಆಯಿ

ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನೀವೆಲ್ಲ ಗಂಡ ಹೆಂಡತಿ ಅಂತಲೇ ಬರೆದಿದ್ದೀರಿ. ನನ್ನ ಮಗ ಕುವೈತ್‌ನಿಂದ ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಸುಕ್ಕಿನುಂಡೆ ಕಟ್ಟಿ ಡಬ್ಬಿ ತುಂಬಿಸಿ ಇಡುತ್ತೇನೆ. ಹೋದ ಸಲ ಇಬ್ಬರೂ ರೂಮಿನ ಬಾಗಿಲು ಹಾಕಿಕೊಂಡು ಒಂಬತ್ತು ಗಂಟೆಗೆ ಏಳುತ್ತಿದ್ದರು. ನಾನು ಆರು ಗಂಟೆಯಿಂದ ಚಹಾ ಬಿಸಿ ಮಾಡಿ ಮಾಡಿ ಇಡುತ್ತಿದ್ದೆ. ಮಗನ ಜೊತೆ ಕೂತು ಮಾತಾಡಿದ್ದು ಅವನು ಹೊರಡುವ ದಿನ, ಬ್ಯಾಗ್ ಕಟ್ಟುವಾಗ. 31 ವರ್ಷ ಸಾಕಿದವಳಿಗೆ ಅಷ್ಟೇನಾ?

ಯಲ್ಲಾಪುರದವಳು

ಆಯಿ, ಸೊಸೆಗೂ ಎರಡು ವರ್ಷಕ್ಕೊಮ್ಮೆಯೇ ಅಲ್ವಾ ಅವರು ಸಿಗೋದು. ಒಂಬತ್ತು ಗಂಟೆಯವರೆಗೆ ಮಲಗಲಿ ಬಿಡಿ.

ಅಂಕೋಲೆಯ ಆಯಿ

ಮಲಗಬೇಡಿ ಅಂತ ಹೇಳಿಲ್ಲ ಮಗಾ. ಚಹಾ ನನ್ನ ಜೊತೆ ಕುಡಿಯಿರಿ ಅಂದೆ.

ಹೊನ್ನಾವರದವ, ದುಬೈ

ಆಯಿಯ ಮಾತು ನನ್ನ ಎದೆಗೆ ತಾಗಿತು. ನನ್ನ ಅಮ್ಮ 2022ರಲ್ಲಿ ತೀರಿಕೊಂಡರು. ಆ ಹಿಂದಿನ ರಜೆಯಲ್ಲಿ ನಾನು ಅವರನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ, ಅಷ್ಟೇ ನೆನಪು. ಅವತ್ತು ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ಇಬ್ಬರೂ ಎಳನೀರು ಕುಡಿದೆವು.

ಮಾಜಾಳಿಯವ

ಮೋಪಾ ಬೇಡ ಅಂದವರಿಗೆ: ದಾಬೋಲಿಂ ಅಂತ ಸಲೀಸಾಗಿ ಹೇಳ್ತೀರಿ. ರಾತ್ರಿ ಎರಡು ಗಂಟೆಗೆ ಇಳಿದರೆ ಮಡಗಾಂವಲ್ಲಿ ಯಾವ ರೈಲು ಕಾಯುತ್ತದೆ? ನಾನು ಸ್ಟೇಷನ್ನಲ್ಲಿ ಬೆಳಗಾಗುವವರೆಗೆ ಬ್ಯಾಗ್ ಮೇಲೆ ತಲೆ ಇಟ್ಟು ಮಲಗಿದ್ದೇನೆ. ಟೈಮ್ ನೋಡಿ ಟಿಕೆಟ್ ತೆಗೆಯಬೇಕು, ಏರ್‌ಪೋರ್ಟ್ ನೋಡಿ ಅಲ್ಲ.

ಹೊನ್ನಾವರದವ, ದುಬೈ

ನಾನು ಹಗಲಿನ ವಿಮಾನದ ವಿಷಯ ಹೇಳಿದ್ದು. ಪೂರ್ತಿ ಓದಿ ಮಾರಾಯ್ರೆ.

ಮಾಜಾಳಿಯವ

ಪೂರ್ತಿ ಓದಿದೆ. ಹಗಲು ಅನ್ನುವ ಶಬ್ದ ಎಲ್ಲೂ ಇಲ್ಲ.

ಶಿರಸಿ ತೋಟದವ

ಟೀಚರ್, ನೆಂಟರ ಬಗ್ಗೆ ಯಾರೂ ಹೇಳಲಿಲ್ಲ. ನಾವು ಒಂದು ಭಾನುವಾರ ಎಲ್ಲರನ್ನೂ ಮನೆಗೇ ಕರೆದೆವು. 34 ಜನ, ಅಪ್ಪೆಹುಳಿ, ಎರಡು ಪಲ್ಯ, ಪಾಯಸ. ಅಡುಗೆಯವರಿಗೆ 2,500, ಸಾಮಾನಿಗೆ 6,300. ಅದಾದ ಮೇಲೆ ಒಬ್ಬರೂ ನಮ್ಮಲ್ಲಿಗೆ ಯಾವಾಗ ಬರ್ತೀರಿ ಅಂತ ಕೇಳಲಿಲ್ಲ. ಇಬ್ಬರು ಮಾತ್ರ ಊಟಕ್ಕೆ ಸರಿಯಾಗಿ ಕರೆಯಲಿಲ್ಲ ಅಂತ ಇನ್ನೂ ಮಾತು ಬಿಟ್ಟಿದ್ದಾರೆ.

ಸದಾಶಿವಗಡದವಳು

34 ಜನರಿಗೆ ಮೀನೂಟ ಹಾಕಿ ನೋಡಿ, ಆಮೇಲೆ ಲೆಕ್ಕ ಹೇಳಿ. ಕರಾವಳಿಯಲ್ಲಿ ಬರೀ ಅಪ್ಪೆಹುಳಿಗೆ ನೆಂಟರು ಒಪ್ಪುವುದಿಲ್ಲ.

ಶಿರಸಿ ತೋಟದವ

ಊಟವನ್ನು ಹೀಯಾಳಿಸಬೇಡಿ. ನಮ್ಮಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದರು.

ಸದಾಶಿವಗಡದವಳು

ಹೀಯಾಳಿಸಿಲ್ಲ. ತಪ್ಪಾಗಿ ಕೇಳಿಸಿದ್ದರೆ ಕ್ಷಮಿಸಿ. ಖರ್ಚಿನ ವಿಷಯಕ್ಕೆ ಹೇಳಿದ್ದು.

ಕೋಡಿಬಾಗದ ಟೀಚರ್

ಎಲ್ಲವನ್ನೂ ಎರಡೆರಡು ಸಲ ಓದಿದೆ. ರಜೆ ಹಾಕುತ್ತಿಲ್ಲ, ಸೋಮವಾರ ಮತ್ತು ಶುಕ್ರವಾರ ಮಾತ್ರ ಅರ್ಧ ದಿನದ ಸಿಎಲ್ ಕೇಳಿದ್ದೇನೆ. ಗೋವಾ ಇಲ್ಲ. ಗೃಹಪ್ರವೇಶದ ಕರೆ ಒಂದು ಬಂದಿದೆ, ನಾನೊಬ್ಬಳೇ ಹೋಗಿ ಬರುತ್ತೇನೆ.

ಅಂಕೋಲೆಯ ಆಯಿ ಬರೆದದ್ದನ್ನು ನಿನ್ನೆ ರಾತ್ರಿ ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, ಅವನಿಗೆ ಚಹಾಕ್ಕೆ ಒಂದೂವರೆ ಚಮಚ ಸಕ್ಕರೆ, ಚಿಕ್ಕವನಿದ್ದಾಗಿಂದಲೂ ಅಷ್ಟೇ ಅಂದರು. ಬೆಳಗಿನ ಚಹಾ ಮೂವರೂ ಹಿತ್ತಿಲ ಮೆಟ್ಟಿಲ ಮೇಲೆ ಕುಡಿಯೋದು ಅಂತ ಮಾತಾಗಿದೆ. ಸಂಜೆ ಆರರ ಮೇಲೆ ಅತ್ತೆ ಪಕ್ಕದ ಮನೆಗೆ ಹೋಗುತ್ತಾರಂತೆ. ಅದನ್ನು ಅವರೇ ಹೇಳಿದರು, ನಾನು ಕೇಳಲಿಲ್ಲ.

ಟಿಕೆಟ್ ದಾಬೋಲಿಂಗೆ ಆಗಿದೆ. ಬೆಳಿಗ್ಗೆ ಹತ್ತಕ್ಕೆ ಇಳಿಯುತ್ತಾರೆ.

ಮಾಜಾಳಿಯವ

ಹತ್ತಕ್ಕೆ ಆದರೆ ಸರಿ. ಹೊರಗೆ ಬರಲು ಹನ್ನೊಂದಾಗುತ್ತದೆ, ಲಗೇಜ್ ಕಡಿಮೆ ತರಲು ಹೇಳಿ.